ಹೆಂಚು ಇಳಿಸಿ ತಗಡು ಏರಿಸಿದಾಗ

ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮನ ಮನೆಯ ಹೆಂಚು ಇಳಿಸಿದ ದಿನ ನಾನೂ ಆಳುಗಳ ಸಾಲಿನಲ್ಲಿ ನಿಂತಿದ್ದೆ. ಕೈಯಿಂದ ಕೈಗೆ ದಾಟಿ ಬಂದ ಹೆಂಚುಗಳು ಕೊಟ್ಟಿಗೆಯ ಗೋಡೆಗೆ ಒರಗಿ ಕೂರುತ್ತಿದ್ದವು. ಮೇಲ್ಮೈಯಲ್ಲಿ ಒಣಗಿದ ಪಾಚಿ, ಒಳಮೈಯಲ್ಲಿ ಸೌದೆ ಒಲೆಯ ದಪ್ಪ ಮಸಿ. ಮಧ್ಯಾಹ್ನದ ಹೊತ್ತಿಗೆ ನನ್ನ ತೋಳು ಸೋತುಹೋಯಿತು. ಒಂದೊಂದು ಮಂಗಳೂರು ಹೆಂಚೂ ಎರಡೂವರೆ ಕಿಲೋ ಆಸುಪಾಸು ತೂಗುತ್ತದೆ. ಚದರ ಮೀಟರಿಗೆ ಸುಮಾರು 15 ಬೇಕು.

ಇಳಿಸಲು ಕಾರಣ ಎರಡು. ಕೋತಿಗಳ ಹಾವಳಿ ಒಂದು. ಇನ್ನೊಂದು, ಹೆಂಚು ಕೈಯಾಡಿಸುವವರು ಊರಿನಲ್ಲಿ ಯಾರೂ ಉಳಿದಿಲ್ಲ. ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ, ಒಡೆದದ್ದನ್ನು ತೆಗೆದು, ಸರಿದದ್ದನ್ನು ಕೂರಿಸುವ ಆ ಕೆಲಸ ವರ್ಷಕ್ಕೊಮ್ಮೆ ಆಗದಿದ್ದರೆ ಹೆಂಚಿನ ಮನೆ ಉಳಿಯುವುದಿಲ್ಲ. ನೀರು ಮೊದಲು ಹೆಂಚು ಕೂರುವ ಮರದ ಪಟ್ಟಿಯಾದ ರೀಪರ್ ಕೊಳೆಸುತ್ತದೆ, ಆಮೇಲೆ ಜಂತೆ, ಕೊನೆಗೆ ತೊಲೆ. ಹಳೆಯ ಮಾಡಿನ ಮೇಲಿನ ಅಕ್ಕರೆಯಿಂದ ಸೋರಿಕೆಯನ್ನು ಸಹಿಸಿಕೊಂಡು ಕೂರುವುದು ಅಪಾಯ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯಿತು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಬಿದ್ದಿತು. ಹಾಗಾಗಿ ದೊಡ್ಡಮ್ಮ ತಗಡು ಹಾಕಿಸಲು ಹೊರಟಾಗ ನಾನು ಬೇಡವೆನ್ನಲಿಲ್ಲ. ಆದರೆ ಇಳಿದ ಹೆಂಚು ಅಷ್ಟು ವರ್ಷ ಸದ್ದಿಲ್ಲದೆ ಏನೇನು ಕೆಲಸ ಮಾಡುತ್ತಿತ್ತು ಎಂದು ನಾವು ಯಾರೂ ಯೋಚಿಸಿರಲಿಲ್ಲ.

ಮೊದಲನೆಯ ಪಾಠ ಗಾಳಿ ಕಲಿಸಿತು. ಏಪ್ರಿಲ್ ಕೊನೆಯ ಒಂದು ಸಂಜೆ ಆಲಿಕಲ್ಲು ಮಳೆಗೆ ಮುಂಚೆ ಬೀಸಿದ ಬಿರುಗಾಳಿಗೆ ಜಗಲಿಯ ಕಡೆಯ ಎರಡು ಶೀಟುಗಳು ಸ್ಕ್ರೂ ಸಮೇತ ಕಿತ್ತು ಮೇಲೆದ್ದವು. ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಕಡೆ ಮನೆ ಅಳೆಯುವುದು ಚದರದಲ್ಲಿ. ಒಂದು ಚದರವೆಂದರೆ ನೂರು ಚದರ ಅಡಿ. ಒಂದು ಚದರಕ್ಕೆ ಹೊದಿಸಿದ ಹೆಂಚು ಸುಮಾರು 350 ಕಿಲೋ. ಅಷ್ಟೇ ಜಾಗಕ್ಕೆ ಹೊದಿಸಿದ ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಶೀಟು ಸುಮಾರು 45 ಕಿಲೋ. ಗೋಡೆಗೆ ಇದು ದೊಡ್ಡ ನಿರಾಳ, ಗಾಳಿಗೂ ಅಷ್ಟೇ ಸುಲಭ. ಕಟ್ಟಡಗಳ ವಿನ್ಯಾಸಕ್ಕೆಂದು ಭಾರತೀಯ ಮಾನಕದಲ್ಲಿ ಒಳನಾಡು ಕರ್ನಾಟಕಕ್ಕೆ ಕೊಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ಸಿಗುತ್ತದೆ: ಚದರ ಮೀಟರಿಗೆ 650 ನ್ಯೂಟನ್‌ಗಿಂತ ತುಸು ಹೆಚ್ಚು. ನಮ್ಮ ಅಳತೆಯಲ್ಲಿ ಹೇಳಿದರೆ ಒಂದು ಚದರಕ್ಕೆ 600 ಕಿಲೋಗೂ ಮೀರಿದ ಬಲ. ಮಾಡಿನ ಮೇಲೆ ರಭಸದಿಂದ ಹರಿಯುವ ಗಾಳಿ ಶೀಟನ್ನು ಮೇಲಕ್ಕೆ ಹೀರುತ್ತದೆ. ತೆರೆದ ಜಗಲಿಗೆ ನುಗ್ಗಿದ ಗಾಳಿ ಕೆಳಗಿನಿಂದ ತಳ್ಳುತ್ತದೆ. ಅಂಚಿನಲ್ಲಿ ಮತ್ತು ಮೂಲೆಗಳಲ್ಲಿ ಈ ಸೆಳೆತ ಇನ್ನೂ ಜಾಸ್ತಿ.

ಹೆಂಚು ಇದನ್ನು ತಡೆಯುತ್ತಿದ್ದದ್ದು ಭಾರದಿಂದ ಮಾತ್ರವಲ್ಲ. ಹೆಂಚುಗಳ ನಡುವಿನ ಸಾವಿರ ಸಂದುಗಳಲ್ಲಿ ಗಾಳಿ ನುಸುಳಿ ಮೇಲಿನ ಮತ್ತು ಕೆಳಗಿನ ಒತ್ತಡ ಬಹುಪಾಲು ಸರಿಹೋಗುತ್ತಿತ್ತು. ತಗಡಿಗೆ ಆ ಸಂದುಗಳಿಲ್ಲ. ಹಾಗಾಗಿ ಅದನ್ನು ಹಿಡಿದಿಡುವ ಕೆಲಸವೆಲ್ಲ ಸ್ಕ್ರೂಗಳದು, ಸ್ಕ್ರೂ ಹಿಡಿದ ಅಡ್ಡಪೈಪಿನದು, ಆ ಪೈಪನ್ನು ಗೋಡೆಗೆ ಕಟ್ಟಿದ ಬೋಲ್ಟಿನದು. ಇವುಗಳಲ್ಲಿ ಯಾವುದು ಸಡಿಲವೋ ಅಲ್ಲಿ ಮಾಡು ಹೋಗುತ್ತದೆ. ಹಳೆಯ ಮನೆಗಳಲ್ಲಿ ತೊಲೆಗಳು ಗೋಡೆಯ ಮೇಲೆ ಸುಮ್ಮನೆ ಕೂತಿರುತ್ತವೆ. ಭಾರವೇ ಅವುಗಳ ಮೊಳೆ. ಹೆಂಚಿಳಿಸಿದ ಕ್ಷಣದಲ್ಲಿ ಆ ಮೊಳೆಯನ್ನು ಕಿತ್ತಂತೆ. ತೊಲೆಯನ್ನು ಗೋಡೆಯ ಆಳಕ್ಕೆ ಕಬ್ಬಿಣದ ಪಟ್ಟಿಯಿಂದ ಬಿಗಿಯದೆ ಅದರ ಮೇಲೆ ತಗಡು ಹೊದಿಸಬಾರದು. ಸೂರಿನ ಅಂಚಿನಲ್ಲಿ ಸ್ಕ್ರೂಗಳನ್ನು ನಡುಭಾಗಕ್ಕಿಂತ ಒತ್ತಾಗಿ ಹಾಕಿಸಬೇಕು. ದೊಡ್ಡಮ್ಮನ ಮನೆಯಲ್ಲಿ ಎರಡೂ ಆಗಿರಲಿಲ್ಲ.

ಎರಡನೆಯ ಪಾಠ ಬಿಸಿಲಿನದು. ಮೈಸೂರು, ಮಂಡ್ಯಗಳಲ್ಲಿ ಏಪ್ರಿಲ್ 22ರ ಆಸುಪಾಸು ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ನೆಟ್ಟ ಕಂಬಕ್ಕೂ ನೆರಳಿರುವುದಿಲ್ಲ. ಆಗ ಗೋಡೆಗಳಿಗೆ ಬಿಸಿಲು ಸೋಕುವುದೇ ಕಡಿಮೆ. ಚದರ ಮೀಟರಿಗೆ ಸುಮಾರು ಸಾವಿರ ವ್ಯಾಟ್, ಅಂದರೆ ಒಂದು ಇಸ್ತ್ರಿಪೆಟ್ಟಿಗೆಯಷ್ಟು ಶಕ್ತಿ, ಮಾಡಿನ ಮೇಲೆಯೇ ಸುರಿಯುತ್ತದೆ.

ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ ಮೂರು ಶೀಟಿನ ತುಂಡುಗಳನ್ನು ಒಂದು ಮಧ್ಯಾಹ್ನ ಬಿಸಿಲಿಗಿಟ್ಟೆ. ಒಂದಕ್ಕೆ ಬಿಳಿ ಬಣ್ಣ, ಒಂದಕ್ಕೆ ಇಟ್ಟಿಗೆ ಕೆಂಪು, ಇನ್ನೊಂದು ಬಣ್ಣವಿಲ್ಲದೆ ಹೊಳೆಯುವ ಸತುಲೇಪನದ್ದು. ಗಂಟೆಯ ನಂತರ ಬಿಳಿಯ ಮೇಲೆ ಅಂಗೈ ಇಡಲು ಸಾಧ್ಯವಾಯಿತು, ಕೆಂಪಿನ ಮೇಲೆ ಆಗಲಿಲ್ಲ. ಕನ್ನಡಿಯಂತೆ ಬಿಸಿಲನ್ನು ಹಿಂದಕ್ಕೆಸೆಯುತ್ತಿದ್ದ ಮೂರನೆಯದೂ ಕೈ ಸುಟ್ಟಿತು! ಬಿಸಿಯಾದ ಪ್ರತಿ ವಸ್ತುವೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ಮೂಲಕ ಶಾಖವನ್ನು ಹೊರಕ್ಕೆ ಚೆಲ್ಲುತ್ತದೆ. ಬಣ್ಣ, ಸುಣ್ಣ, ಮಣ್ಣು ಧಾರಾಳವಾಗಿ ಚೆಲ್ಲುತ್ತವೆ. ಹೊಳೆಯುವ ಲೋಹ ಇದರಲ್ಲಿ ಬಹಳ ಜಿಪುಣ. ಬೆಳಗಿದ ಹಿತ್ತಾಳೆ ಚೆಂಬಿನಲ್ಲಿ ಬಿಸಿನೀರು ಮಸಿ ಹಿಡಿದ ಚೆಂಬಿಗಿಂತ ಹೆಚ್ಚು ಹೊತ್ತು ಬಿಸಿಯಾಗಿರುವುದು ಇದೇ ಕಾರಣಕ್ಕೆ. ಬರಿಯ ತಗಡು ಕಡಿಮೆ ಬಿಸಿಲು ಹೀರಿದರೂ ಹೀರಿದ್ದನ್ನು ಬಿಟ್ಟುಕೊಡುವುದಿಲ್ಲ. ಆದ್ದರಿಂದ ಮೇಲ್ಮೈಗೆ ಬಿಳಿ ಅಥವಾ ತೀರ ತಿಳಿ ಬಣ್ಣವೇ ನಮ್ಮ ಹವೆಗೆ ಸರಿ. ಮೈಸೂರಿನ ಹೊಸ ಬಡಾವಣೆಗಳಲ್ಲಿ ಹೆಂಚಿನ ನೆನಪಿಗೆಂದು ಕಡುಗೆಂಪು ಶೀಟನ್ನೇ ಆರಿಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಅದೇ ಜಿಪುಣತನ ಮನೆಯ ಒಳಗಡೆ ಉಪಕಾರಿ. ಶೀಟಿನ ಕೆಳಗೆ ತುಸು ಅಂತರ ಬಿಟ್ಟು ಹೊಳೆಯುವ ಅಲ್ಯುಮಿನಿಯಂ ಹಾಳೆಯನ್ನು ಎಳೆದು ಕಟ್ಟಿದರೆ ಅದು ನಮ್ಮ ನೆತ್ತಿಯ ಕಡೆಗೆ ಶಾಖವನ್ನು ಸುಲಭವಾಗಿ ಚೆಲ್ಲುವುದಿಲ್ಲ. ಆ ಅಂತರದಲ್ಲಿ ಗಾಳಿ ಸೂರಿನಿಂದ ಹೊಕ್ಕು ಮಾಡಿನ ನೆತ್ತಿಯಿಂದ ಹೊರಹೋಗುವಂತಿದ್ದರೆ ಇನ್ನೂ ಒಳ್ಳೆಯದು. ಹೆಂಚಿನ ಮನೆಯಲ್ಲಿ ಈ ಕೆಲಸಕ್ಕೆ ಅಟ್ಟವಿತ್ತು, ಸಂದುಗಳಿದ್ದವು. ಮಳೆ ನೀರನ್ನು ಕುಡಿದ ಹೆಂಚು ಮರುದಿನ ಆರುತ್ತಾ ತಾನೂ ತಂಪಾಗುತ್ತಿತ್ತು. ತಗಡು ಒಂದು ಹನಿಯನ್ನೂ ಕುಡಿಯದು.

ಸದ್ದಿನ ವಿಷಯವನ್ನು ದೊಡ್ಡಮ್ಮನ ಬಾಯಲ್ಲೇ ಕೇಳಬೇಕು: "ಮೊದಲು ಮಳೆ ಬಂದರೆ ಪಾತ್ರೆ ಇಡುತ್ತಿದ್ದೆವು, ಈಗ ಮಳೆ ಬಂದರೆ ಮಾತು ನಿಲ್ಲಿಸುತ್ತೇವೆ." ತೆಳು ತಗಡು ತಮಟೆಯ ಚರ್ಮದಂತೆ ಅದುರುತ್ತದೆ. ಅದಕ್ಕೆ ಒತ್ತಿ ಅಂಟಿಸಿದ ಯಾವುದೇ ಮೆತ್ತನೆಯ ಪದರ ಆ ಅದುರುವಿಕೆಯನ್ನು ತಗ್ಗಿಸುತ್ತದೆ.

ತುಕ್ಕಿನ ಬಗ್ಗೆ ಒಂದು ಮಾತು. ಉಕ್ಕಿನ ಶೀಟಿಗೆ ಸತು, ಇಲ್ಲವೇ ಅಲ್ಯುಮಿನಿಯಂ ಬೆರೆತ ಸತುವಿನ ಲೇಪನ ಇರುತ್ತದೆ. ಸಣ್ಣ ಗೀರು ಬಿದ್ದರೂ ಸತು ತಾನು ಸವೆದು ಪಕ್ಕದ ಉಕ್ಕನ್ನು ಕಾಯುತ್ತದೆ. ಆದರೆ ಶೀಟನ್ನು ಗ್ರೈಂಡರ್‌ನಿಂದ ಕತ್ತರಿಸಿದರೆ ಅಂಚಿನ ಲೇಪನ ಸುಟ್ಟುಹೋಗುತ್ತದೆ. ಹಾರಿದ ಕಿಡಿಗಳು ಬಣ್ಣಕ್ಕೆ ಕಚ್ಚಿ, ಮೊದಲ ಮಳೆಗೇ ಕಂದು ಚುಕ್ಕೆಗಳಾಗುತ್ತವೆ. ಕತ್ತರಿಯಿಂದಲೇ ಕತ್ತರಿಸಿ ಎಂದು ಪಟ್ಟು ಹಿಡಿಯಿರಿ. ಆರು ಮೀಟರ್ ಉದ್ದದ ಶೀಟು 40 ಡಿಗ್ರಿ ಬಿಸಿಯೇರಿದರೆ ಸುಮಾರು ಮೂರು ಮಿಲಿಮೀಟರ್ ಹಿಗ್ಗುತ್ತದೆ, ಸಂಜೆ ಕುಗ್ಗುತ್ತದೆ. ದಿನವೂ ನಡೆಯುವ ಈ ಎಳೆದಾಟದಲ್ಲಿ ತಗಡಿಗಿಂತ ಎಷ್ಟೋ ಮೊದಲು ಸ್ಕ್ರೂವಿನ ರಬ್ಬರ್ ವಾಷರ್ ಸೋಲುತ್ತದೆ. ಸೋರಿಕೆ ಕಂಡರೆ ಮೊದಲು ನೋಡಬೇಕಾದದ್ದು ಅದನ್ನೇ.

ಅಪಾರ್ಟ್‌ಮೆಂಟಿನ ಕಥೆ ಬೇರೆ. ಅಲ್ಲಿ ಕಾಂಕ್ರೀಟ್ ಚಾವಣಿ ಹಾಗೆಯೇ ಇರುತ್ತದೆ, ತಗಡು ಅದರ ಮೇಲೆ ಕೊಡೆ. ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಕೆಳಕ್ಕೆ ಬಿಡುತ್ತಿದ್ದ ಚಾವಣಿಗೆ ನೆರಳು ಸಿಕ್ಕರೆ ಕೊನೆಯ ಮಹಡಿಯವರಿಗೆ ಆ ರಾತ್ರಿಯಿಂದಲೇ ವ್ಯತ್ಯಾಸ ತಿಳಿಯುತ್ತದೆ. ತಗಡು ಅತ್ಯಂತ ಸಲ್ಲುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಬದಿಗಳು ತೆರೆದೇ ಇರಲಿ, ಗಾಳಿ ಆಡಲಿ. ಆದರೆ ತೆರೆದ ಬದಿ ಮತ್ತು ಎತ್ತರ ಎರಡೂ ಸೇರಿದರೆ ಗಾಳಿಯ ಎತ್ತುವ ಬಲ ಹೆಚ್ಚು. ಕಂಬಗಳು ಕೆಳಗಿನ ಪಿಲ್ಲರ್ ಅಥವಾ ಬೀಮಿನ ನೇರಕ್ಕೆ ಬರಬೇಕು. ಬೋಲ್ಟಿಗಾಗಿ ಕೊರೆದ ಪ್ರತಿ ತೂತನ್ನೂ ನೀರು ಇಳಿಯದಂತೆ ಮುಚ್ಚಬೇಕು. ಒಳಗಿನ ಕಂಬಿ ಆಗಲೇ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟ್ ಉದುರಿಸುತ್ತಿದ್ದರೆ ಮೊದಲು ಅದರ ದುರಸ್ತಿ, ಆಮೇಲೆ ಕೊಡೆ.

ಇಳಿಸುವುದು ಹೆಂಚಲ್ಲದೆ ಹಳೆಯ ಕಲ್ನಾರು (ಆಸ್ಬೆಸ್ಟಾಸ್) ಶೀಟಾಗಿದ್ದರೆ ದಯವಿಟ್ಟು ಸುತ್ತಿಗೆಯಿಂದ ಒಡೆಯಿಸಬೇಡಿ. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಪಾಯವಿರುವುದು ಉಸಿರಿಗೆ ಹೋಗುವ ಸೂಕ್ಷ್ಮ ಎಳೆಗಳಲ್ಲಿ. ನೀರು ಚಿಮುಕಿಸಿ ನೆನೆಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಬೇಕು. ಕೆಲಸದವರಿಗೆ ಧೂಳು ತಡೆಯುವ ಒಳ್ಳೆಯ ಮಾಸ್ಕ್ ಕೊಡಬೇಕು.

ದೊಡ್ಡಮ್ಮನ ಮನೆಗೆ ಎರಡನೆಯ ವರ್ಷ ಬಿಳಿ ಬಣ್ಣ ಬಳಿಸಿದೆವು, ತೊಲೆಗಳಿಗೆ ಪಟ್ಟಿ ಬಿಗಿಸಿದೆವು, ಒಳಗೆ ಹಾಳೆ ಕಟ್ಟಿಸಿದೆವು. ಸೂರಿನ ದೋಣಿಯಿಂದ ಬೀಳುವ ನೀರು ಈಗ ತೊಟ್ಟಿ ಸೇರುತ್ತದೆ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುವ ಮಂಡ್ಯದ ಕಡೆ ಹತ್ತು ಚದರದ ತಗಡಿನಿಂದ ಐವತ್ತು ಸಾವಿರ ಲೀಟರಿಗೂ ಹೆಚ್ಚು ಹಿಡಿಯಬಹುದು. ಇಳಿಸಿದ ಹೆಂಚಿನಲ್ಲಿ ಒಡೆಯದೆ ಉಳಿದವನ್ನು ಕೊಟ್ಟಿಗೆಗೆ ಹೊದಿಸಿದ್ದಾರೆ. ಏಪ್ರಿಲ್ ಮಧ್ಯಾಹ್ನಗಳಲ್ಲಿ ಹುಣಸೆಹಣ್ಣು ಬಿಡಿಸಲು ದೊಡ್ಡಮ್ಮ ಈಗಲೂ ಚಾಪೆ ಹಾಸಿಕೊಳ್ಳುವುದು ಅಲ್ಲಿಯೇ.