ಹತ್ತರ ಜಾಗಕ್ಕೆ ಮೂವತ್ತು ಹಾಕಬೇಡಿ

ಹಸಿರು ಬಣ್ಣದ 30 ಆಂಪಿಯರ್ ಫ್ಯೂಸನ್ನು ಅಂಗಡಿಯವರು ಕೇಳಿದವರಿಗೆಲ್ಲ ಬಿಡಿಯಾಗಿ ಮಾರುವುದನ್ನು ನಿಲ್ಲಿಸಿದರೆ ನನ್ನ ಕೆಲಸ ಎಷ್ಟೋ ಕಡಿಮೆಯಾದೀತು. ಆದಾಯವೂ ಕಡಿಮೆಯಾದೀತು, ಪರವಾಗಿಲ್ಲ. ಕೆಂಪು ಬಣ್ಣದ 10 ಆಂಪಿಯರ್ ಇರಬೇಕಾದ ಜಾಗದಲ್ಲಿ ಈ ಹಸಿರು ಕುಳಿತಿರುವ ಕಾರುಗಳು ದಾವಣಗೆರೆಯ ನಮ್ಮ ಗ್ಯಾರೇಜಿಗೆ ಬರುತ್ತಲೇ ಇರುತ್ತವೆ. ಯಾರು ಹಾಕಿದ್ದು ಎಂದು ಕೇಳಿದರೆ, ‘ಹತ್ತರದು ಪದೇ ಪದೇ ಹೋಗುತ್ತಿತ್ತು ಅಣ್ಣಾ, ಅದಕ್ಕೇ ಗಟ್ಟಿಯದು ಹಾಕಿಸಿದೆ’ ಎನ್ನುತ್ತಾರೆ. ಇನ್ನು ಕೆಲವರು ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ ಸುತ್ತಿರುತ್ತಾರೆ, ಇಲ್ಲವೇ ತಾಮ್ರದ ಎಳೆ ತುರುಕಿರುತ್ತಾರೆ. ಹರಿಹರ ದಾಟಿ ಹೆದ್ದಾರಿಯಲ್ಲಿ ನಡುರಾತ್ರಿ ಸಿಕ್ಕಿಬಿದ್ದವರ ಪಾಡು ನನಗೂ ಗೊತ್ತು. ಆದರೆ ಊರು ಸೇರಿ ತಿಂಗಳಾದರೂ ಅದನ್ನೇ ಇಟ್ಟುಕೊಂಡು ತಿರುಗುವವರಿಗೆ ಏನು ಹೇಳುವುದು?

ಫ್ಯೂಸ್ ಇರುವುದು ಲೈಟನ್ನೋ ಟೇಪನ್ನೋ ಕಾಪಾಡಲು ಎಂದು ಬಹಳ ಜನ ತಿಳಿದಿದ್ದಾರೆ. ಅದು ಮುಖ್ಯವಾಗಿ ಕಾಪಾಡುವುದು ವೈರನ್ನು. ಕಾರು ತಯಾರಿಸುವವರು ಆ ಸಾಲಿನ ವೈರು ಎಷ್ಟು ತಾಳುತ್ತದೆ ಎಂದು ನೋಡಿಯೇ ಫ್ಯೂಸಿನ ಅಳತೆ ಗೊತ್ತುಮಾಡುತ್ತಾರೆ. ಭದ್ರಾ ನಾಲೆಯ ಅಚ್ಚುಕಟ್ಟಿನವರಿಗೆ ಹೇಳಬೇಕಿಲ್ಲ: ಹೊಲಗಾಲುವೆ ಚಿಕ್ಕದಿರುವಾಗ ತೂಬನ್ನು ಮೂರು ಪಟ್ಟು ತೆರೆದರೆ ಒಡೆಯುವುದು ಕಾಲುವೆಯ ಏರಿ. ವೈರಿನ ವಿಷಯ ಇನ್ನೂ ಕೆಟ್ಟದ್ದು. ಅದರಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 10 ಆಂಪಿಯರ್ ಹರಿಯುವ ಕಡೆ 30 ಹರಿದರೆ ಶಾಖ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಆಗಲೂ ಹಸಿರು ಫ್ಯೂಸ್ ತೆಪ್ಪಗೆ ಕುಳಿತಿರುತ್ತದೆ, ಏಕೆಂದರೆ ಅದರ ಲೆಕ್ಕದಲ್ಲಿ ಏನೂ ಆಗಿಲ್ಲ. ಶಾರ್ಟ್ ಆದಾಗ, ಅಂದರೆ ವೈರಿನ ತಾಮ್ರ ಕಾರಿನ ಲೋಹದ ಮೈಗೆ ನೇರವಾಗಿ ತಾಗಿದಾಗ, ಏನಾದರೊಂದು ಸುಡಲೇಬೇಕು. ಪೆಟ್ಟಿಗೆಯೊಳಗೆ ಫ್ಯೂಸ್ ಸುಡದಿದ್ದರೆ ಕಾರ್ಪೆಟ್ಟಿನ ಅಡಿಯಲ್ಲಿ ವೈರು ಸುಡುತ್ತದೆ.

ಜಗಳೂರಿನ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಕಾರು ತಂದಿದ್ದರು. ‘ತಮ್ಮಾ, ಲೈಟೆಲ್ಲ ಸರಿಯಾಗಿಯೇ ಉರಿಯುತ್ತಿವೆ, ಆದರೆ ಒಳಗೆ ಸುಟ್ಟ ವಾಸನೆ’ ಎಂದರು. ಹಿಂದಿನ ಲೈಟಿನ ಫ್ಯೂಸ್ ನೋಡಿದೆ, ಹಸಿರು. ಬಾಗಿಲ ಕೆಳಗಿನ ಪಟ್ಟಿ ಬಿಚ್ಚಿ ಕಾರ್ಪೆಟ್ ಎತ್ತಿದರೆ ವೈರಿನ ಕಟ್ಟಿಗೆ ಸುತ್ತಿದ ಟೇಪು ಡಾಂಬರಿನ ಹಾಗೆ ಜಿನುಗಿತ್ತು. ನಾಲ್ಕಾರು ವೈರುಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು, ಎಳೆದರೆ ಪ್ಲಾಸ್ಟಿಕ್ ಬೆರಳಿಗೆ ಅಂಟಿಕೊಂಡು ಬರುತ್ತಿತ್ತು. ಮೇಷ್ಟ್ರು ನೋಡಿ ಮಾತಾಡಲಿಲ್ಲ. ಅದೇ ಕಟ್ಟಿನಲ್ಲಿ ಪೆಟ್ರೋಲ್ ಪಂಪಿನ ವೈರೂ ಇತ್ತು.

ಕರಗಿದ್ದನ್ನೆಲ್ಲ ಬದಲಾಯಿಸುವುದು ಬೇಸರದ ಕೆಲಸ, ಕಷ್ಟದ್ದಲ್ಲ. ಮೂಲ ಎಲ್ಲಿದೆ ಎಂದು ಹುಡುಕುವುದೇ ಕಷ್ಟ. ಮೊದಲ ಫ್ಯೂಸುಗಳು ಯಾವಾಗ ಹೋಗುತ್ತಿದ್ದವು ಎಂದು ಕೇಳಿದೆ. ‘ಅದೇ ವಿಚಿತ್ರ. ಸಂತೆಗೆ ಹೋದ ದಿನವೇ ಹೋಗುತ್ತಿತ್ತು’ ಎಂದರು. ಅವರಿಗದು ಗ್ರಹಚಾರ, ನನಗೆ ಅರ್ಧ ಉತ್ತರ. ಆ ಸಾಲಿನ ಬಲ್ಬುಗಳನ್ನೆಲ್ಲ ಬಿಚ್ಚಿ, ಫ್ಯೂಸಿನ ಜಾಗಕ್ಕೆ 21 ವ್ಯಾಟಿನ ಒಂದು ಬಲ್ಬನ್ನು ಎರಡು ವೈರಿನಿಂದ ಜೋಡಿಸಿದೆ. ಶಾರ್ಟ್ ಆದ ಕೂಡಲೇ ಈ ಬಲ್ಬು ಪೂರ್ತಿ ಉರಿಯುತ್ತದೆ, ಆದರೆ ಸಾಲಿನಲ್ಲಿ 2 ಆಂಪಿಯರಿಗಿಂತ ಹೆಚ್ಚು ಹರಿಯಗೊಡುವುದಿಲ್ಲ. ಫ್ಯೂಸಿನ ಮೇಲೆ ಫ್ಯೂಸ್ ಸುಡುತ್ತಾ ಹುಡುಕುವ ಬದಲು ಇದು ಎಷ್ಟೋ ವಾಸಿ. ವೈರುಗಳನ್ನು ಅಲ್ಲಾಡಿಸಿದರೆ ಏನೂ ಆಗಲಿಲ್ಲ. ಡಿಕ್ಕಿಯ ಮುಚ್ಚಳವನ್ನು ಅರ್ಧ ಎತ್ತಿದಾಗ ಬಲ್ಬು ಝಗ್ಗೆಂದು ಉರಿಯಿತು. ನಂಬರ್ ಪ್ಲೇಟ್ ಲೈಟಿಗೆ ಹೋಗುವ ವೈರು ಹಿಂಜಿನ ಬಳಿ ಮಡಚಿ ಮಡಚಿ ಸೀಳಿತ್ತು, ಹಸಿರುಗಟ್ಟಿದ ಎರಡು ಮೂರು ತಾಮ್ರದ ಎಳೆಗಳು ಕಾರಿನ ಲೋಹದ ಮೈಗೆ ತಾಗಿಯೂ ತಾಗದಂತಿದ್ದವು. ಸಂತೆಯ ಚೀಲಗಳಿಗಾಗಿ ಡಿಕ್ಕಿ ತೆರೆದಾಗಲೆಲ್ಲ ಫ್ಯೂಸ್ ಹೋಗುತ್ತಿದ್ದುದು ಅದಕ್ಕೇ. ಗೇಣುದ್ದದ ವೈರು, ಒಂದು ರಬ್ಬರ್ ಕೊಳವೆ: ಮೊದಲೇ ಬಂದಿದ್ದರೆ ಇಷ್ಟೇ ಖರ್ಚು.

ಎಲ್ಲ ಕಾರಿನಲ್ಲೂ ಡಿಕ್ಕಿಯೇ ತಪ್ಪಿತಸ್ಥ ಎಂದು ತಿಳಿಯಬೇಡಿ. ಮೆಕ್ಕೆಜೋಳದ ಗೋದಾಮು, ಮಂಡಕ್ಕಿ ಭಟ್ಟಿಗಳ ಆಸುಪಾಸಿನಲ್ಲಿ ನಿಲ್ಲುವ ಕಾರುಗಳಲ್ಲಿ ನಾನು ಮೊದಲು ನೋಡುವುದು ಇಲಿ ಕಡಿದ ಗುರುತನ್ನು. ಚಾರ್ಜರ್ ಸಾಕೆಟ್ಟಿನೊಳಗೆ ಬಿದ್ದ ನಾಣ್ಯವೂ ಫ್ಯೂಸ್ ಹಾರಿಸುತ್ತದೆ.

ಪೆಟ್ಟಿಗೆ ಎಲ್ಲಿದೆ ಎಂದು ಫೋನ್ ಮಾಡುವವರಿಗೆ: ಸಾಮಾನ್ಯವಾಗಿ ಎರಡಿರುತ್ತವೆ, ಒಂದು ಬಾನೆಟ್ಟಿನೊಳಗೆ ಬ್ಯಾಟರಿಯ ಹತ್ತಿರ, ಇನ್ನೊಂದು ಡ್ಯಾಶ್‌ಬೋರ್ಡಿನ ಕೆಳಗೆ ಚಾಲಕರ ಮೊಣಕಾಲಿನ ಬಳಿ. ಒಂದನ್ನೇ ನೋಡಿ ‘ಎಲ್ಲ ಸರಿಯಿದೆ’ ಎನ್ನಬೇಡಿ. ಯಾವ ಸಂಖ್ಯೆ ಯಾವುದಕ್ಕೆ ಎಂಬುದು ಮಾಡೆಲ್ಲಿನಿಂದ ಮಾಡೆಲ್ಲಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಮುಚ್ಚಳದ ಒಳಗಿನ ಚಿತ್ರ ಅಥವಾ ಕಾರಿನ ಜೊತೆ ಬಂದ ಪುಸ್ತಕವನ್ನು ನಂಬಿ, ಪಕ್ಕದ ಮನೆಯವರ ನೆನಪನ್ನಲ್ಲ. ಚಿತ್ರವನ್ನು ತಲೆಕೆಳಗಾಗಿ ಹಿಡಿದು ಬೇರೆ ಫ್ಯೂಸ್ ಕಿತ್ತವರೂ ಇದ್ದಾರೆ. ಟೆಸ್ಟ್ ಲ್ಯಾಂಪ್ (ಒಂದು ತುದಿಗೆ ಕ್ಲಿಪ್, ಇನ್ನೊಂದಕ್ಕೆ ಮೊನೆ ಇರುವ ಪುಟ್ಟ ಬಲ್ಬು) ಇದ್ದರೆ ಕೀಳುವುದೂ ಬೇಡ. ಸ್ವಿಚ್ ಹಾಕಿ, ಕ್ಲಿಪ್ಪನ್ನು ಕಾರಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿ, ಮೊನೆಯನ್ನು ಫ್ಯೂಸಿನ ತಲೆಯ ಮೇಲೆ ಕಾಣುವ ಎರಡೂ ಲೋಹದ ಚುಕ್ಕೆಗಳಿಗೆ ಒಂದಾದ ಮೇಲೊಂದರಂತೆ ಮುಟ್ಟಿಸಿ. ಎರಡರಲ್ಲೂ ಉರಿದರೆ ಫ್ಯೂಸ್ ಚೆನ್ನಾಗಿದೆ, ಒಂದರಲ್ಲಿ ಮಾತ್ರ ಉರಿದರೆ ಹೋಗಿದೆ, ಎರಡರಲ್ಲೂ ಇಲ್ಲವಾದರೆ ಅಲ್ಲಿಗೆ ಕರೆಂಟೇ ಬಂದಿಲ್ಲ. ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳಿಗೆ ಟೆಸ್ಟ್ ಲ್ಯಾಂಪ್ ಚುಚ್ಚಬೇಡಿ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಕೇಬಲ್‌ಗಳ ಹತ್ತಿರವೂ ಹೋಗಬೇಡಿ.

ಫ್ಯೂಸ್ ಹೋದರೆ ಅದೇ ಅಳತೆಯದನ್ನು ಒಮ್ಮೆ ಹಾಕಿ ನೋಡುವುದರಲ್ಲಿ ತಪ್ಪಿಲ್ಲ. ಅದೂ ಹೋದರೆ ಆ ಜಾಗವನ್ನು ಖಾಲಿ ಬಿಟ್ಟು, ಬೆಳಕಿರುವಾಗಲೇ ಗ್ಯಾರೇಜಿಗೆ ಬನ್ನಿ. ಬ್ರೇಕ್ ಲೈಟಿನದೋ ವೈಪರಿನದೋ ಆಗಿದ್ದರೆ ಓಡಿಸಬೇಡಿ, ಮೆಕ್ಯಾನಿಕ್ಕನ್ನೇ ಕರೆಸಿ. ಸುಟ್ಟ ಫ್ಯೂಸುಗಳನ್ನು ಎಸೆಯದೆ ತನ್ನಿ. ಒಳಗಿನ ತಂತಿ ನಡುವೆ ಸಣ್ಣಗೆ ಕರಗಿದ್ದರೆ ಭಾರ ಹೆಚ್ಚಾಗಿರಬಹುದು, ಗಾಜಿನಂಥ ಮೈಯೆಲ್ಲ ಕಪ್ಪಾಗಿ ಲೋಹ ಸಿಡಿದಿದ್ದರೆ ನೇರ ಶಾರ್ಟ್ ಇರಬಹುದು. ಖಚಿತವೆಂದು ಹೇಳಲಾರೆ, ಆದರೆ ಎಲ್ಲಿಂದ ಹುಡುಕಲು ಶುರುಮಾಡಬೇಕು ಎಂಬುದು ಅದನ್ನು ನೋಡಿದರೆ ತಿಳಿಯುತ್ತದೆ.