ಊಟಕ್ಕೂ ಮೊದಲೇ ಸುರಿದ ಜೊಲ್ಲು

ರಷ್ಯದ ಇವಾನ್ ಪಾವ್ಲೋವ್ ಶರೀರಕ್ರಿಯಾ ವಿಜ್ಞಾನಿ, ಮನಶ್ಶಾಸ್ತ್ರಜ್ಞನಲ್ಲ. ಹಾಗೆ ಕರೆಸಿಕೊಳ್ಳುವುದು ಅವನಿಗೆ ಹಿಡಿಸುತ್ತಲೂ ಇರಲಿಲ್ಲ. 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಸೇಂಟ್ ಪೀಟರ್ಸ್‌ಬರ್ಗ್‌ನ ಅವನ ಪ್ರಯೋಗಾಲಯದಲ್ಲಿ ನಾಯಿಯ ಜೊಲ್ಲುನಾಳವನ್ನು ಕೆನ್ನೆಯ ಹೊರಕ್ಕೆ ತಿರುಗಿಸಿ, ತೊಟ್ಟಿಕ್ಕುವ ಹನಿ ಎಣಿಸುತ್ತಿದ್ದರು. ತೊಂದರೆ ಎದ್ದದ್ದು ಅಲ್ಲೇ. ಮಾಂಸದ ಪುಡಿ ಬಾಯಿಗೆ ಬೀಳುವ ಮೊದಲೇ, ಊಟ ತರುವವನ ಹೆಜ್ಜೆ ಸಪ್ಪಳಕ್ಕೇ ಹನಿ ಇಳಿಯತೊಡಗಿತು. ಲೆಕ್ಕವೆಲ್ಲ ಎಡವಟ್ಟು. ಬೇರೆಯವರಾಗಿದ್ದರೆ ನಾಯಿ ಬದಲಾಯಿಸುತ್ತಿದ್ದರೇನೋ. ಪಾವ್ಲೋವ್ ಆ ಎಡವಟ್ಟನ್ನೇ ಬದುಕಿನ ಉಳಿದ ಕೆಲಸ ಮಾಡಿಕೊಂಡ.

ಪಠ್ಯಪುಸ್ತಕಗಳು ಬರೀ ಗಂಟೆಯ ಕಥೆ ಹೇಳುತ್ತವೆ. ಅವನು ಮೆಟ್ರೋನೋಮ್ (ಟಿಕ್‌ಟಿಕ್ ಎಂದು ತಾಳ ಹಾಕುವ ಸಾಧನ), ಬಜರ್, ಬೆಳಕು ಎಲ್ಲವನ್ನೂ ಬಳಸಿದ್ದ. ಟಿಕ್‌ಟಿಕ್ ಕೇಳಿಸಿ ಊಟ ಕೊಡುವುದು, ಹೀಗೇ ಹಲವು ಸಲ. ಆಮೇಲೆ ಬರೀ ಸದ್ದಿಗೇ ಜೊಲ್ಲು. ಒಗ್ಗರಣೆ ಚಟಪಟ ಅಂದರೆ ಸಾಕು, ನಮಗೆ ಬಾಯಲ್ಲಿ ನೀರೂರುವುದಿಲ್ಲವೇ? ಬಿ.ಎಡ್. ಪುಸ್ತಕಗಳ ‘ಅನುಬಂಧನ’ ಇದೇ. ಊಟವಿಲ್ಲದೆ ಸದ್ದನ್ನಷ್ಟೇ ಕೇಳಿಸುತ್ತ ಹೋದರೆ ಕಲಿತದ್ದು ಅಡಗುತ್ತದೆ, ಆದರೆ ಅಳಿಯುವುದಿಲ್ಲ. ಸ್ವಲ್ಪ ಕಾಲ ಬಿಟ್ಟು ಮತ್ತೆ ತಲೆ ಎತ್ತುತ್ತದೆ.

1924ರ ಸೆಪ್ಟೆಂಬರಿನಲ್ಲಿ ಆ ಊರಿನ ನೆವಾ ನದಿ ಉಕ್ಕಿ ಪಾವ್ಲೋವ್‌ನ ನಾಯಿಗೂಡುಗಳಿಗೆ ನೀರು ನುಗ್ಗಿತು. ಬಾಗಿಲುಗಳು ತಗ್ಗಿನಲ್ಲಿದ್ದವು. ಮೂತಿ ಮೇಲೆತ್ತಿ ಈಜುತ್ತಿದ್ದ ನಾಯಿಗಳನ್ನು ನೀರಲ್ಲಿ ಮುಳುಗಿಸಿಯೇ ಹೊರಗೆಳೆಯಬೇಕಾಯಿತು. ಬದುಕಿ ಬಂದವುಗಳಲ್ಲಿ ಕೆಲವಕ್ಕೆ ಕಲಿತದ್ದು ಮರೆತೇಹೋಗಿತ್ತು. ನಿಧಾನಕ್ಕೆ ಚೇತರಿಸಿಕೊಂಡ ಒಂದು ನಾಯಿಯ ಕೋಣೆಯೊಳಕ್ಕೆ ಬಾಗಿಲ ಸಂದಿಯಿಂದ ತುಸು ನೀರು ಹರಿಯಬಿಟ್ಟರು. ಅದು ಮತ್ತೆ ಕಂಗೆಟ್ಟುಹೋಯಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್‌ಗೆ ನೆರವಾದದ್ದೂ ಕೆಟ್ಟ ಯಂತ್ರವೇ. ಇಲಿ ಸನ್ನೆಕೋಲು ಒತ್ತಿದರೆ ಅದಕ್ಕೆ ತಿನಿಸಿನ ಗುಳಿಗೆ ಉದುರಬೇಕು. ಒಂದು ದಿನ ಗುಳಿಗೆ ಉದುರಿಸುವ ಯಂತ್ರ ಸಿಕ್ಕಿಕೊಂಡಿತು. ಒತ್ತಿ ಒತ್ತಿ ಬೇಸತ್ತ ಇಲಿ ಕ್ರಮೇಣ ಕೈಬಿಟ್ಟದ್ದು ಕಾಗದದ ಮೇಲೆ ಗೆರೆಯಾಗಿ ಮೂಡಿತ್ತು. ಇನ್ನೊಮ್ಮೆ ಗುಳಿಗೆ ಮುಗಿಯುತ್ತಿದೆಯೆಂದು ಆಗೊಮ್ಮೆ ಈಗೊಮ್ಮೆ ಕೊಟ್ಟ. ಇಲಿ ಒತ್ತುವುದನ್ನು ಬಿಡಲೇ ಇಲ್ಲ. ಲಾಟರಿಯ ಚಟಕ್ಕೆ ಇವತ್ತಿಗೂ ಇದೇ ಜಾಡಿನ ವಿವರಣೆ.

ಯಾವ ಸದ್ದನ್ನಾದರೂ ಯಾವುದಕ್ಕಾದರೂ ಗಂಟುಹಾಕಬಹುದು ಎಂಬ ನಂಬಿಕೆ ಮಾತ್ರ ಬಹಳ ಕಾಲ ಅಲುಗಲಿಲ್ಲ. ಅಲುಗಿಸಿದವನು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾರ್ಸಿಯಾ. ಇಲಿಗಳಿಗೆ ಸಿಹಿ ನೀರು ಕುಡಿಸುವಾಗಲೇ ಬೆಳಕು, ಸದ್ದು ಎರಡನ್ನೂ ಸೇರಿಸಿದ. ಆಮೇಲೆ ಕೆಲವಕ್ಕೆ ಹೊಟ್ಟೆ ತೊಳಸುವಂತೆ ಮಾಡಿದ, ಕೆಲವಕ್ಕೆ ಕಾಲಿಗೆ ಶಾಕ್ ಕೊಟ್ಟ. 1966ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹೊಟ್ಟೆ ತೊಳಸಿದ ಇಲಿಗಳು ಸಿಹಿಯನ್ನು ಬಿಟ್ಟವು, ಬೆಳಕು ಸದ್ದುಗಳಿಗೆ ಹೆದರಲಿಲ್ಲ. ಕಾಲಿಗೆ ಶಾಕ್ ತಗುಲಿದವು ಬೆಳಕು ಸದ್ದುಗಳಿಗೆ ಬೆದರಿದವು, ಸಿಹಿಯನ್ನು ಮಾತ್ರ ಮೊದಲಿನಂತೆಯೇ ಕುಡಿದವು.