ಕಾರಿನ ಟಿಕ್ ಟಿಕ್ ಎಲ್ಲಿಂದ ಬರುತ್ತೆ?

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅಂತ ಹೊಡೆದುಕೊಳ್ಳುವ ಇಂಜಿನ್, ದಾವಣಗೆರೆಯ ನಿಟುವಳ್ಳಿಯಿಂದ ಪಿ.ಬಿ. ರಸ್ತೆಯ ಗ್ಯಾರೇಜಿಗೆ ಬರುವಷ್ಟರಲ್ಲಿ ಸುಮ್ಮನಾಗಿರುತ್ತದೆ. ಮೇಸ್ತ್ರಿ ಬಾನೆಟ್ ಎತ್ತಿ ಕಿವಿ ಕೊಡುತ್ತಾರೆ, ಎರಡು ಸಲ ರೇಸ್ ಮಾಡಿಸುತ್ತಾರೆ, ‘ಏನೂ ಇಲ್ವಲ್ಲ ಸಾರ್’ ಅಂತಾರೆ. ಆದರೆ ಸದ್ದು ನಿಂತಿದ್ದೇ ಒಂದು ಸುಳಿವು. ಎಷ್ಟು ಹೊತ್ತಿಗೆ ನಿಂತಿತು ಅನ್ನೋದು ಇನ್ನೂ ದೊಡ್ಡ ಸುಳಿವು. ಅದಕ್ಕೇ ರಾತ್ರಿಯೇ ಗಾಡಿ ಗ್ಯಾರೇಜಲ್ಲಿ ಬಿಟ್ಟು ಬರುವುದು ಒಳ್ಳೆಯದು. ಬೆಳಿಗ್ಗೆ ಮೊದಲ ಸ್ಟಾರ್ಟ್ ಮೇಸ್ತ್ರಿಯೇ ಮಾಡಲಿ.

ಕೆಲವೇ ಸೆಕೆಂಡಲ್ಲಿ ನಿಂತರೆ ಮೊದಲ ಅನುಮಾನ ಆಯಿಲ್ ಮೇಲೆ. ಸಿಲಿಂಡರಿಗೆ ಗಾಳಿ ಒಳಬಿಡುವ, ಹೊಗೆ ಹೊರಬಿಡುವ ಬಾಗಿಲು ವಾಲ್ವ್; ಅದನ್ನು ಒತ್ತಿ ತೆರೆಯುವ ತಿರುಗುವ ಉಬ್ಬು ಕ್ಯಾಮ್. ಎಷ್ಟೋ ಕಾರುಗಳಲ್ಲಿ ಇವೆರಡರ ನಡುವಿನ ಸಂದನ್ನು ತುಂಬುವುದು ಹೈಡ್ರಾಲಿಕ್ ಟ್ಯಾಪೆಟ್. ಒಳಗೆ ಒಂದು ಪುಟ್ಟ ಕೊಳವೆ, ಒಂದು ಪ್ಲಂಜರ್, ಒಂದು ಸ್ಪ್ರಿಂಗು, ಆಯಿಲ್ ಹಿಂದಕ್ಕೆ ಹೋಗದಂತೆ ತಡೆಯುವ ಒಂದು ಗುಂಡು. ಅಷ್ಟೇ. ಇಂಜೆಕ್ಷನ್ ಸಿರಿಂಜಿಗೆ ನೀರು ತುಂಬಿ ತುದಿಗೆ ಬೆರಳು ಒತ್ತಿ ಹಿಡಿದು ತಳ್ಳಿ ನೋಡಿ, ಅಲುಗಲ್ಲ. ಗಾಳಿ ತುಂಬಿ ತಳ್ಳಿ, ಕುಗ್ಗುತ್ತದೆ. ಟ್ಯಾಪೆಟ್ ಒಳಗೂ ಇದೇ ಕಥೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಆಯಿಲ್ ಕೆಳಗಿಳಿದು ಗಾಳಿ ಸೇರಿದ್ದರೆ, ಪಂಪ್ ಮತ್ತೆ ಅದನ್ನು ತುಂಬಿಸುವವರೆಗೆ ಲೋಹ ಲೋಹಕ್ಕೆ ಬಡಿಯುತ್ತದೆ. ಹಾಗಾಗಿ ದುಡ್ಡು ಬಿಚ್ಚುವ ಮೊದಲು ಆಯಿಲ್ ಮಟ್ಟ ತೋರಿಸುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿ. ಕಮ್ಮಿ ಇದ್ದರಂತೂ ತೊಂದರೆ ಸರಿ, ಜಾಸ್ತಿ ಇದ್ದರೂ ಟಿಕ್ ಟಿಕ್ ಬರಬಹುದು! ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ದಂಡ, ಕ್ರ್ಯಾಂಕ್, ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆ ಅಂದರೆ ಮತ್ತೆ ಗಾಳಿಯೇ ಅಲ್ವಾ.

ಸದ್ದು ನಿಲ್ಲೋಕೆ ಐದು ಹತ್ತು ನಿಮಿಷ ಹಿಡಿದರೆ ಕಥೆ ಬೇರೆ. ಹೊಗೆ ಹೊರಗೊಯ್ಯುವ ಕೊಳವೆ, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಇಂಜಿನ್ನಿನ ಮೇಲ್ಭಾಗವಾದ ಹೆಡ್‌ಗೆ ಕೂರುವ ಜಾಗದಲ್ಲಿ ಸೋರದಂತೆ ಇಟ್ಟ ಗ್ಯಾಸ್ಕೆಟ್ ಸುಟ್ಟಿರಬಹುದು, ಬೋಲ್ಟ್ ಸಡಿಲವಾಗಿರಬಹುದು. ಹೊಗೆ ಸಣ್ಣ ಸಂದಿನಲ್ಲಿ ಟಸ್ ಟಸ್ ಅಂತ ಹೊರಬರುತ್ತದೆ, ಅದು ಥೇಟ್ ಟ್ಯಾಪೆಟ್ ಸದ್ದಿನ ಹಾಗೇ ಕೇಳಿಸುತ್ತದೆ. ಬಿಸಿಯಾದಂತೆ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಸೋರುವ ಕಡೆ ಕಪ್ಪು ಮಸಿ ಹಿಡಿದಿರುತ್ತದೆ. ಇದನ್ನು ಮುಚ್ಚಿದ ಶೆಡ್ಡಿನಲ್ಲಿ ಹುಡುಕಬೇಡಿ, ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಇರುತ್ತದೆ.

ಇನ್ನು ನಿಲ್ಲದ ಟಿಕ್ ಟಿಕ್. ಹೈಡ್ರಾಲಿಕ್ ಇಲ್ಲದ ಇಂಜಿನ್‌ಗಳಲ್ಲಿ ವಾಲ್ವ್ ಹತ್ತಿರ ಬೇಕಂತಲೇ ಒಂದು ಸಂದು ಬಿಟ್ಟಿರುತ್ತಾರೆ. ಯಾಕೆ? ಬಿಸಿಗೆ ವಾಲ್ವ್ ಉದ್ದವಾಗುತ್ತದೆ. ಹತ್ತು ಸೆಂಟಿಮೀಟರ್ ಉದ್ದದ ಉಕ್ಕಿನ ಕಡ್ಡಿ 300 ಡಿಗ್ರಿ ಬಿಸಿ ಏರಿದರೆ ಸುಮಾರು 0.36 ಮಿಲಿಮೀಟರ್ ಉದ್ದವಾಗುತ್ತದೆ. ಹೆಡ್ ಕೂಡ ಜೊತೆಗೇ ಹಿಗ್ಗುವುದರಿಂದ ಅಷ್ಟೂ ಜಾಗ ಬೇಕಾಗಲ್ಲ, ಸಾಮಾನ್ಯವಾಗಿ 0.15ರಿಂದ 0.30 ಮಿ.ಮೀ. ಸಾಕು. ಸವೆದು ಸಂದು ಜಾಸ್ತಿಯಾದರೆ ಸದ್ದು. ಮೇಸ್ತ್ರಿ ಸಂದು ಅಳೆಯುವ ಫೀಲರ್ ಗೇಜಿನ ತೆಳು ಪಟ್ಟಿಯನ್ನು ಒಳಗೆ ತೂರಿಸಿ, ಲೈಟಾಗಿ ಹಿಡಿದು ಹಿಡಿದು ಜಾರುತ್ತಾ ಅಂತ ಎಳೆದು ನೋಡುತ್ತಾರಲ್ಲ, ಅದು ಇದಕ್ಕೇ. ಸ್ಕ್ರೂ ಇದ್ದರೆ ತಿರುಗಿಸಿ, ಇಲ್ಲದಿದ್ದರೆ ಸಂದಿನ ಅಳತೆಯ ಲೋಹದ ಬಿಲ್ಲೆ, ಶಿಮ್, ಬದಲಿಸಿ ಸರಿ ಮಾಡುತ್ತಾರೆ. ನನ್ನ ಕೇಳಿದರೆ, ಸ್ವಲ್ಪ ಸದ್ದು ಮಾಡುವ ಟ್ಯಾಪೆಟ್‌ಗಿಂತ ಸಂದೇ ಇಲ್ಲದೆ ಪೂರ್ತಿ ಸುಮ್ಮನಿರುವ ಬಿಗಿ ಟ್ಯಾಪೆಟ್‌ಗೇ ಹೆದರಬೇಕು. ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂತಾಗಲೇ ತಣ್ಣಗಾಗುವುದು. ಕೂರಲು ಆಗದಿದ್ದರೆ ಸುಟ್ಟುಹೋಗುತ್ತದೆ. ಗ್ಯಾಸ್ ಮೇಲೆ ಓಡುವ ಗಾಡಿಗಳಲ್ಲಿ ಸೀಟು ಸವೆದು ಹೀಗೆ ಸದ್ದಿಲ್ಲದೆ ಸಂದು ಮುಚ್ಚುವುದುಂಟು.

ಮೊಬೈಲಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಆಕ್ಸಿಲರೇಟರ್ ಒತ್ತದೆ ಇಂಜಿನ್ 800 ಆರ್‌ಪಿಎಮ್‌ನಲ್ಲಿ, ಅಂದರೆ ನಿಮಿಷಕ್ಕೆ 800 ಸುತ್ತಿನಲ್ಲಿ, ಐಡಲ್ ಇದ್ದಾಗ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ನಿಧಾನ ಮಾಡಿ ಕೇಳಿ, ಎಣಿಸಿ. ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಕ್ಯಾಮ್ ಒಂದೇ ಸುತ್ತು. ಹಾಗಾಗಿ ಒಂದು ವಾಲ್ವಿನ ಸದ್ದು ನಿಮಿಷಕ್ಕೆ 400, ಅಂದರೆ ನಿಮ್ಮ ರೆಕಾರ್ಡಿಂಗಲ್ಲಿ 66ರ ಆಸುಪಾಸು. ಅದರ ಎರಡರಷ್ಟು ಬಂದರೆ ಕೆಳಗಿನ ಕ್ರ್ಯಾಂಕ್ ಕಡೆ ಅನುಮಾನ ಪಡಬೇಕು. ಒಂದು ಸಿಲಿಂಡರಿನ ಎಕ್ಸಾಸ್ಟ್ ಸೋರಿಕೆಯೂ 400ರ ಲಯದಲ್ಲೇ ಬರುವುದರಿಂದ ಎಣಿಕೆಯೊಂದೇ ಸಾಲದು, ಬಿಸಿ ತಣ್ಣಗಿನ ಲೆಕ್ಕವೂ ಬೇಕು. ಜಾಗ ಹಿಡಿಯೋಕೆ ಉದ್ದ ಸ್ಕ್ರೂಡ್ರೈವರ್ ತುದಿಯನ್ನು ಹೆಡ್ ಮೇಲಿಟ್ಟು ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತುತ್ತಾರೆ. ಗಾಳಿಯಲ್ಲಿ ಹರಡಿ ಕಳೆದುಹೋಗುವ ಸದ್ದು ಉಕ್ಕಿನ ಮೂಲಕ ನೇರ ಬರುತ್ತದೆ. ಫ್ಯಾನು, ಬೆಲ್ಟು ತಿರುಗುತ್ತಿರುತ್ತವೆ, ಸೆರಗು, ವೇಲ್, ಸಡಿಲ ತೋಳು ದೂರ ಇರಲಿ.

ಇಂಧನ ಚಿಮ್ಮಿಸುವ ಇಂಜೆಕ್ಟರ್‌ಗಳ ಚಿಟಿಚಿಟಿ ಇದ್ದೇ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಆದರೆ ಟಿಕ್ ಅನ್ನೋದು ಟೊಕ್ ಅಂತ ದಪ್ಪಗಾಗಿ, ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಜೋರಾದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿರಬಹುದು. ಚಿತ್ರದುರ್ಗ ದಾಟಿದ ಮೇಲೆ ಈ ಸದ್ದು ಬಂದರೆ, ಅಥವಾ ಕೆಂಪು ಆಯಿಲ್ ಲೈಟ್ ಹತ್ತಿದರೆ, ‘ದಾವಣಗೆರೆ ಇನ್ನೇನು ಅರವತ್ತು ಕಿಲೋಮೀಟರ್’ ಅಂತ ಓಡಿಸಬೇಡಿ. ಪಕ್ಕಕ್ಕೆ ಹಾಕಿ ಆಫ್ ಮಾಡಿ, ಟೋ ಮಾಡಿಸಿ. ಬೇರಿಂಗಲ್ಲಿ ಮುಗಿಯುವ ಕೆಲಸ ಕ್ರ್ಯಾಂಕಿಗೂ ಬ್ಲಾಕಿಗೂ ಹಬ್ಬಲು ಅಷ್ಟು ದೂರ ಧಾರಾಳ ಸಾಕು.

ಹಳೆ ಕಾರು ಮಾರುವವರಲ್ಲಿ ಕೆಲವರು ಈ ಸದ್ದು ಮುಚ್ಚೋಕೆ ದಪ್ಪ ಆಯಿಲ್ ಹಾಕಿಟ್ಟಿರುತ್ತಾರೆ, ಇನ್ನು ಕೆಲವರು ನೀವು ಬರೋ ಮೊದಲೇ ಇಂಜಿನ್ ಬಿಸಿ ಮಾಡಿಟ್ಟಿರುತ್ತಾರೆ. ಮೊದಲು ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ, ‘ನಾಳೆ ಬೆಳಿಗ್ಗೆ ಬರ್ತೀನಿ, ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ’ ಅಂತ ಹೇಳಿ ಬನ್ನಿ.